ನಾಲಗೆಗೆ ತಿಳಿಯದ ಕೊರತೆ: ತುಳುನಾಡಿನ ಉಪ್ಪು, ಕಣಿಲೆ ಮತ್ತು ಥೈರಾಯ್ಡ್ ಸಂಶೋಧನೆಯ ಚರಿತ್ರೆ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಪಾಡ್ದನಗಳ ಸಂಗ್ರಹಕ್ಕಾಗಿ ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಿನ ಹಳ್ಳಿಯೊಂದಕ್ಕೆ ಹೋಗಿದ್ದೆ. ಸಂಧಿ ಹೇಳುವುದರಲ್ಲಿ ಸುತ್ತಲಿನ ಊರುಗಳಲ್ಲೆಲ್ಲ ಹೆಸರಾಗಿದ್ದ ಹಿರಿಯ ಮಹಿಳೆಯೊಬ್ಬರು ಎರಡು ಸಂಜೆ ನನಗಾಗಿ ಹಾಡಿದರು. ಪಾಠಭೇದ, ರಾಗದ ಏರಿಳಿತ, ಹಾಡಿನ ನಡುವೆ ಬರುವ ಪಲ್ಲವಿ ಎಲ್ಲವನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಅವರ ಕೊರಳಿನಲ್ಲಿ ನಿಂಬೆಹಣ್ಣಿಗಿಂತ ದೊಡ್ಡದಾದ ಬಾವು ಇತ್ತು. ಅದನ್ನು ನಾನು ಬರೆದುಕೊಳ್ಳಲಿಲ್ಲ. ನನ್ನ ಕಣ್ಣು ಅತ್ತ ಹೋದುದನ್ನು ಗಮನಿಸಿ ಅವರೇ ತುಳುವಿನಲ್ಲಿ ಹೇಳಿದರು: ‘ಇದು ನನ್ನ ಅಮ್ಮನಿಗೂ ಇತ್ತು ಮಗಾ, ಹಾಡಿಗೆ ಇದರಿಂದ ಏನೂ ತೊಂದರೆಯಿಲ್ಲ.’ ಮಾತು ಅಲ್ಲಿಗೆ ಮುಗಿಯಿತು. ಇತ್ತೀಚೆಗೆ ಆ ಹಳೆಯ ಪುಸ್ತಕವನ್ನು ಮತ್ತೆ ತೆರೆದಾಗ, ಹಾಡು ಹೊರಬಂದ ಕೊರಳಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲದಿರುವುದು ನನ್ನನ್ನು ಕಾಡಿತು.

ಪ್ರಸ್ತುತ ಲೇಖನ ಹುಟ್ಟಿದ್ದು ಆ ಬರೆಯದ ಸಾಲಿನಿಂದ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಆಹಾರಪದ್ಧತಿಯಲ್ಲಿ ಅಡಗಿರುವ ಜನಪದ ಜ್ಞಾನವನ್ನು, ಥೈರಾಯ್ಡ್ ಗ್ರಂಥಿಯನ್ನು ಕುರಿತ ಜೀವರಸಾಯನ ಸಂಶೋಧನೆಯ ಚರಿತ್ರೆಯೊಂದಿಗೆ ಮುಖಾಮುಖಿಯಾಗಿಸುವುದು ಇದರ ಉದ್ದೇಶ. ಆ ಚರಿತ್ರೆಯಲ್ಲಿ ಮುಖ್ಯವಾಗಿ, ಬೆಂಗಳೂರಿನಲ್ಲಿ ಕಲಿತು ಮುಂದೆ ಜಗತ್ತಿನ ಗಮನ ಸೆಳೆದ ಜೀವರಸಾಯನ ವಿಜ್ಞಾನಿ ಜಮ್ಶೆಡ್ ರುಸ್ತಮ್ ಟಾಟಾ ಅವರ ಸಂಶೋಧನಾ ಬದುಕನ್ನು ಇಲ್ಲಿ ಗಮನಿಸಲಾಗಿದೆ. ಜನಪದ ಜ್ಞಾನ ಎಲ್ಲಿಯವರೆಗೆ ನಡೆಯಿತು, ಎಲ್ಲಿ ನಿಂತಿತು, ನಿಂತಲ್ಲಿಂದ ಮುಂದಿನ ದಾರಿ ಯಾವುದು ಎಂಬುದು ನಮ್ಮ ಪ್ರಶ್ನೆ.

1. ಉಪ್ಪಿನ ದಾರಿ

ತುಳುನಾಡಿನ ನೆಲ ಕಡಲಿನಿಂದ ಘಟ್ಟದ ಕಡೆಗೆ ಏರುತ್ತ ಹೋಗುತ್ತದೆ. ಮಂಗಳೂರಿನಿಂದ ನೇತ್ರಾವತಿಯಲ್ಲಿ ದೋಣಿಯ ಮೂಲಕ ಬಂದ ಸರಕು ಬಂಟ್ವಾಳದಲ್ಲಿ ಇಳಿದು, ಅಲ್ಲಿಂದ ಎತ್ತಿನ ಗಾಡಿಗಳಲ್ಲಿಯೂ ಹೇರೆತ್ತುಗಳ ಬೆನ್ನಿನ ಮೇಲೂ ಘಟ್ಟದ ಕಡೆಗೆ ಸಾಗುತ್ತಿತ್ತು. 1801ರಲ್ಲಿ ಈ ಪ್ರದೇಶದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಬಂಟ್ವಾಳವನ್ನು ಹೆಸರಿಸುತ್ತಾನೆ. ಬಂಟ್ವಾಳದಿಂದ ಬೆಳ್ತಂಗಡಿ, ಅಲ್ಲಿಂದ ಚಾರ್ಮಾಡಿಯ ಮೂಲಕ ಮೂಡಿಗೆರೆ: ಇದು ಕೆಳಗಿನ ಉಪ್ಪು ಮತ್ತು ಒಣಮೀನು ಮೇಲಕ್ಕೂ, ಮೇಲಿನ ಧಾನ್ಯ ಕೆಳಕ್ಕೂ ಸಾಗಿದ ದಾರಿಗಳಲ್ಲಿ ಒಂದು.

ಹೀಗೆ ಹೊತ್ತು ತರಬೇಕಾಗಿದ್ದ ವಸ್ತುವಿಗೆ ಜನರ ಬದುಕಿನಲ್ಲಿ ಬೆಲೆಗಿಂತ ಹಿರಿದಾದ ಮಾನ್ಯತೆ ದೊರೆತುದು ಸಹಜ. ದೀಪ ಹಚ್ಚಿದ ಮೇಲೆ ಉಪ್ಪನ್ನು ಸಾಲ ಕೊಡಬಾರದು. ಚೆಲ್ಲಿದ ಉಪ್ಪನ್ನು ತುಳಿಯಬಾರದು. ಮಗುವಿಗೆ ದೃಷ್ಟಿಯಾದರೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಬೇಕು. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆ ಉಪ್ಪನ್ನು ತಾಯಿಯ ಪಕ್ಕದಲ್ಲಿ ನಿಲ್ಲಿಸುತ್ತದೆ. ‘ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು’ ಎಂಬ ಮಾತು ಅದನ್ನು ನಿಷ್ಠೆಯ ಸಾಕ್ಷಿಯಾಗಿಸುತ್ತದೆ. ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ ಉಪ್ಪುಸೊಳೆ, ತುಳುವಿನಲ್ಲಿ ‘ಉಪ್ಪಡ್ ಪಚ್ಚಿಲ್’, ಭರಣಿಗೆ ಬೀಳುವುದೂ ಉಪ್ಪಿನ ಬಲದಿಂದಲೇ. ಮಾವಿನ ಮಿಡಿಯೂ ಹಾಗೆಯೇ. ಉಪ್ಪಿನ ಹದವನ್ನು ಕೈಯಲ್ಲಿ ಹಿಡಿದು ಹೇಳಬಲ್ಲ ಹಿರಿಯ ಹೆಂಗಸರು ಈ ಮೂರೂ ತಾಲೂಕುಗಳಲ್ಲಿ ಇಂದಿಗೂ ಇದ್ದಾರೆ.

ಉಪ್ಪಿನ ಬಗ್ಗೆ ಇಷ್ಟೆಲ್ಲ ತಿಳಿದಿದ್ದ ಸಮಾಜಕ್ಕೆ ತಿಳಿಯದಿದ್ದ ಒಂದು ಸಂಗತಿಯಿತ್ತು. ಕಡಲಿನಿಂದ ಬಂದ ಉಪ್ಪಿನಲ್ಲಿ ಕಡಲಿನ ಎಲ್ಲ ಸತ್ವವೂ ಇರುತ್ತದೆ ಎಂಬ ನಂಬಿಕೆ ಜನರಲ್ಲಿದೆ, ಓದಿದವರಲ್ಲಿಯೂ ಇದೆ. ಇದು ನಿಜವಲ್ಲ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 30 ಗ್ರಾಂ ಉಪ್ಪಿದ್ದರೆ ಅಯೋಡಿನ್ ಇರುವುದು ಸುಮಾರು 50ರಿಂದ 60 ಮೈಕ್ರೋಗ್ರಾಂ ಮಾತ್ರ. ಉಪ್ಪು ಹರಳುಗಟ್ಟುವಾಗ ಅದರ ಬಹುಭಾಗವೂ ಹೊರಗೆ ಉಳಿದುಬಿಡುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250. ಅಂದರೆ ಬಂಟ್ವಾಳದ ದೋಣಿಗಳು ಹೊತ್ತು ತಂದ ಉಪ್ಪು ರುಚಿಯನ್ನೂ ಬಾಳಿಕೆಯನ್ನೂ ಕೊಟ್ಟಿತು, ಅಯೋಡಿನ್ನನ್ನು ಮಾತ್ರ ಸಾಕಷ್ಟು ಕೊಡಲಿಲ್ಲ. ಕಡಲಿನ ಅಯೋಡಿನ್ ಮನುಷ್ಯನ ಹೊಟ್ಟೆಗೆ ಸೇರುವುದು ಹೆಚ್ಚಾಗಿ ಮೀನಿನ ಮೂಲಕ. ದಡದಿಂದ ದೂರವಾದಂತೆ ಹಸಿಮೀನು ಅಪರೂಪವಾಗುತ್ತದೆ. ಮಳೆಗಾಲದಲ್ಲಿ ಒಣಮೀನು, ತುಳುವರ ‘ನುಂಗೆಲ್ ಮೀನ್’, ಒಂದೇ ಆಸರೆ. ಮೀನು ತಿನ್ನದ ಮನೆಗಳಿಗೆ ಅದೂ ಇಲ್ಲ. ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ ಬೀಳುವ ಈ ಇಳಿಜಾರಿನ ನೆಲದಿಂದ ಕರಗುವ ಲವಣಗಳು ತೊಳೆದುಹೋಗುತ್ತವೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಇನ್ನೊಂದು ವಿವರಣೆ. ಕರ್ನಾಟಕದಲ್ಲಿ ಗಳಗಂಡ ಹೆಚ್ಚಾಗಿ ಕಂಡುಬಂದ ಜಿಲ್ಲೆಗಳ ಪಟ್ಟಿಯಲ್ಲಿ ಚಿಕ್ಕಮಗಳೂರು, ಕೊಡಗುಗಳ ಜೊತೆಗೆ ಕಡಲತಡಿಯ ದಕ್ಷಿಣ ಕನ್ನಡ, ಉತ್ತರ ಕನ್ನಡಗಳೂ ಸೇರಿರುವುದು ಮೇಲುನೋಟಕ್ಕೆ ವಿಚಿತ್ರವೆನಿಸಿದರೂ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ.

2. ಕಣಿಲೆಯ ಮೂರು ನೀರು

ಮೂಡುಬಿದಿರೆಯ ಹೆಸರಿನಲ್ಲಿಯೇ ಬಿದಿರು ಇದೆ. ಮೂಡು ಎಂದರೆ ಪೂರ್ವ. ಮೂಡಣ ಬಿದಿರಿನ ಊರು. ಸಂಸ್ಕೃತ ಬಲ್ಲವರು ಇದನ್ನು ವೇಣುಪುರವೆಂದರು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಿಂದ ಪ್ರಸಿದ್ಧವಾದ ಈ ಊರಿನ ಸುತ್ತಲೂ, ಆಟಿ ತಿಂಗಳ ಮಳೆಯಲ್ಲಿ ಬಿದಿರಿನ ಮೆಳೆಯಿಂದ ಏಳುವ ಎಳೆಯ ಮೊಳಕೆಯೇ ಕಣಿಲೆ. ಗದ್ದೆಯ ಕೆಲಸ ಮುಗಿದು ಕಣಜ ಬರಿದಾಗುತ್ತಿದ್ದ ಆಟಿಯಲ್ಲಿ ಬಡವರ ಹೊಟ್ಟೆ ಹೊರೆದ ಆಹಾರಗಳಲ್ಲಿ ಕೆಸುವಿನ ಎಲೆ, ತಜಂಕ್ ಸೊಪ್ಪು, ಹಲಸಿನ ಬೀಜಗಳ ಜೊತೆಗೆ ಕಣಿಲೆಗೂ ಸ್ಥಾನವಿದೆ.

ಕಣಿಲೆಯನ್ನು ಕಡಿದ ದಿನವೇ ಯಾರೂ ತಿನ್ನುವುದಿಲ್ಲ. ಹೊರಸಿಪ್ಪೆಗಳನ್ನು ಸುಲಿದು, ಒಳತಿರುಳನ್ನು ಸಣ್ಣಗೆ ಹೆಚ್ಚಿ, ನೀರಿನಲ್ಲಿ ಹಾಕಿಡುತ್ತಾರೆ. ಮರುದಿನ ಆ ನೀರನ್ನು ಚೆಲ್ಲಿ ಹೊಸ ನೀರು ಹಾಕುತ್ತಾರೆ. ಹೀಗೆ ಎರಡು ಮೂರು ದಿನ. ಅನಂತರವೇ ಪಲ್ಯ ಅಥವಾ ಗಸಿ. ಮೂಡುಬಿದಿರೆ ಸಮೀಪದ ಮನೆಯೊಂದರಲ್ಲಿ ನನ್ನ ವಕ್ತೃವಾಗಿದ್ದ ಅಜ್ಜಿಯನ್ನು ‘ಯಾಕೆ ಮೂರು ನೀರು?’ ಎಂದು ಕೇಳಿದ್ದೆ. ‘ಒಂದನೇ ನೀರು ಕಹಿ, ಎರಡನೆಯದು ಒಗರು, ಮೂರನೆಯದನ್ನು ನಾಲಗೆಗೆ ಹಚ್ಚಿ ನೋಡು, ನಿನಗೇ ತಿಳಿಯುತ್ತದೆ’ ಎಂದಿದ್ದರು.

ಈ ಉತ್ತರದಲ್ಲಿ ಒಂದು ಸಂಶೋಧನಾ ವಿಧಾನವೇ ಇದೆ. ಎಳೆಬಿದಿರಿನಲ್ಲಿ ಟ್ಯಾಕ್ಸಿಫಿಲ್ಲಿನ್ ಎಂಬ ಸಯನೈಡ್‌ಜನಕ ವಸ್ತುವಿದೆ. ಹೆಚ್ಚಿದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ನೆನೆಸಿ ನೀರು ಚೆಲ್ಲಿದಾಗ, ಮುಚ್ಚಳವಿಲ್ಲದೆ ಬೇಯಿಸಿದಾಗ ಅದರ ಬಹುಪಾಲು ಹೋಗುತ್ತದೆ. ಮರಗೆಣಸಿನ ಕಹಿ ಜಾತಿಗಳಲ್ಲಿಯೂ ಇಂಥದೇ ವಸ್ತುವಿದೆ. ಹೀಗೆ ದೇಹಕ್ಕೆ ಸೇರಿದ ಅಲ್ಪ ಸಯನೈಡನ್ನು ಯಕೃತ್ತು ಥಯೋಸಯನೇಟ್ ಆಗಿ ಮಾರ್ಪಡಿಸುತ್ತದೆ. ಆ ಥಯೋಸಯನೇಟ್ ಥೈರಾಯ್ಡ್ ಗ್ರಂಥಿಯು ರಕ್ತದಿಂದ ಅಯೋಡಿನ್ನನ್ನು ಹೀರಿಕೊಳ್ಳದಂತೆ ಅಡ್ಡ ನಿಲ್ಲುತ್ತದೆ. ಕಲ್ಕತ್ತಾ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಜ್ಞಾನಿ ಅಮರ್ ಕೆ. ಚಂದ್ರ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೋಸು, ಮೂಲಂಗಿ, ಮರಗೆಣಸುಗಳ ಜೊತೆಗೆ ಎಳೆಬಿದಿರನ್ನೂ ಪರೀಕ್ಷಿಸಿದರು. ಬೇಯಿಸಿದ ಮಾತ್ರಕ್ಕೆ ಇವುಗಳ ಥೈರಾಯ್ಡ್‌ವಿರೋಧಿ ಗುಣ ಪೂರ್ತಿಯಾಗಿ ಹೋಗುವುದಿಲ್ಲ ಎಂಬುದು ಆ ಅಧ್ಯಯನದಿಂದ ತಿಳಿದುಬಂದಿತು. ವರ್ಷಕ್ಕೊಮ್ಮೆ ಆಟಿಯಲ್ಲಿ ತಿನ್ನುವ ಕಣಿಲೆಯಿಂದ ಗಳಗಂಡ ಬರುತ್ತದೆಂದು ಇದರ ಅರ್ಥವಲ್ಲ. ಅಯೋಡಿನ್ ಮೊದಲೇ ಕಡಿಮೆಯಿರುವಲ್ಲಿ, ಇಂಥ ಆಹಾರವನ್ನೇ ಬಹುವಾಗಿ ಅವಲಂಬಿಸಿದರೆ, ಕೊರತೆ ಇಮ್ಮಡಿಸುತ್ತದೆ ಎಂಬುದಷ್ಟೇ ಇಲ್ಲಿನ ತಾತ್ಪರ್ಯ.

ಆದ್ದರಿಂದ ಕಣಿಲೆಯ ಮೂರು ನೀರು ಮೂಢ ಆಚರಣೆಯಲ್ಲ, ತಲೆಮಾರುಗಳ ಪರೀಕ್ಷೆಯಿಂದ ಸಿದ್ಧವಾದ ಜ್ಞಾನ. ಆದರೆ ಆ ಪರೀಕ್ಷೆಯ ಉಪಕರಣ ಯಾವುದು ಎಂಬುದನ್ನೂ ಗಮನಿಸಬೇಕು. ಅದು ನಾಲಗೆ. ಇರುವ ವಿಷವನ್ನು ನಾಲಗೆ ಕಹಿಯಾಗಿ ಗುರುತಿಸುತ್ತದೆ. ಇಲ್ಲದ ಅಯೋಡಿನ್ನಿಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಕೊರತೆಯನ್ನು ನಾಲಗೆ ಹೇಳಲಾರದು. ಜನಪದ ಜ್ಞಾನ ನಿಂತದ್ದು ಇಲ್ಲಿ.

3. ಗ್ರಂಥಿಯ ಗುಟ್ಟು: ಒಂದು ಪೂರ್ವಕಥೆ

ನಿಂತದ್ದು ಜನಪದ ಜ್ಞಾನವೊಂದೇ ಅಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನ ಗಳಗಂಡವನ್ನು ಲಕ್ಷಣಸಹಿತ ವಿವರಿಸುತ್ತದೆ, ಆದರೆ ಅಯೋಡಿನ್ ಎಂಬ ವಸ್ತು ಅಂದು ಯಾರಿಗೂ ತಿಳಿದಿರಲಿಲ್ಲ. 1811ರಲ್ಲಿ ಫ್ರಾನ್ಸಿನ ಬೆರ್ನಾರ್ ಕುರ್ತ್ವಾ ಕಡಲಕಳೆಯ ಬೂದಿಯಲ್ಲಿ ಅದನ್ನು ಕಂಡ. 1895ರಲ್ಲಿ ಜರ್ಮನಿಯ ಅಡಾಲ್ಫ್ ಮಾಗ್ನುಸ್ ಲೆವಿ, ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿದರೆ ದೇಹ ಬಳಸುವ ಆಮ್ಲಜನಕದ ಪ್ರಮಾಣ ಏರುತ್ತದೆ ಎಂದು ತೋರಿಸಿದ. ಅದೇ ಹೊತ್ತಿನಲ್ಲಿ ಯೂಗೆನ್ ಬೌಮನ್ ಆ ಗ್ರಂಥಿಯಲ್ಲಿ ಅಯೋಡಿನ್ ಇರುವುದನ್ನು ಪತ್ತೆ ಮಾಡಿದ. ಕೊರಳಿನ ಗ್ರಂಥಿ, ಕಡಲಿನ ಅಯೋಡಿನ್, ಮೈಯ ಕಾವು: ಈ ಮೂರರ ನಡುವಿನ ಸಂಬಂಧ ಮೊದಲ ಬಾರಿಗೆ ಗೋಚರಿಸಿತು.

ನಮ್ಮ ನೆರೆಯಲ್ಲಿಯೂ ಈ ಕಥೆಯ ಒಂದು ಎಳೆಯಿದೆ. ನೀಲಗಿರಿಯ ಕೂನೂರಿನಲ್ಲಿ ಪೋಷಣಾ ಸಂಶೋಧನಾಲಯವನ್ನು ಕಟ್ಟಿ ಬೆಳೆಸಿದ ರಾಬರ್ಟ್ ಮೆಕ್‌ಕ್ಯಾರಿಸನ್ ಅದಕ್ಕೂ ಮೊದಲು ಗಿಲ್ಗಿಟ್ ಕಣಿವೆಯಲ್ಲಿ ಗಳಗಂಡವನ್ನು ಅಧ್ಯಯನ ಮಾಡಿದ್ದರು. ಒಂದೇ ತೊರೆಯ ನೀರು ಕುಡಿಯುವ ಹಳ್ಳಿಗಳಲ್ಲಿ ಕೆಳಕ್ಕೆ ಇಳಿದಂತೆ ಗಳಗಂಡ ಹೆಚ್ಚುವುದನ್ನು ಕಂಡು, ನೀರಿನ ಕಲ್ಮಷವೇ ಇದಕ್ಕೆ ಕಾರಣವೆಂದು ಅವರು ಬಗೆದರು. ಅದನ್ನು ಪರೀಕ್ಷಿಸಲು ಆ ನೀರನ್ನು ಸೋಸಿದಾಗ ಉಳಿದ ಗಸಿಯನ್ನು ತಾವೇ ಕುಡಿದರು, ಒಪ್ಪಿದವರಿಗೂ ಕುಡಿಸಿದರು. ಅವರ ಧೈರ್ಯ ಮೆಚ್ಚತಕ್ಕದ್ದೇ. ಆದರೆ ಇಂದಿನ ತಿಳಿವಳಿಕೆಯಲ್ಲಿ ಗಳಗಂಡದ ಮೂಲಕಾರಣ ಅಯೋಡಿನ್ ಕೊರತೆ. ನೀರಿನ ಕೊಳೆ ಹೆಚ್ಚೆಂದರೆ ಪೂರಕ ಕಾರಣ. ಕಣ್ಣಿಗೆ ಕಾಣುವ ಕೊಳೆಯನ್ನು ಸಂಶೋಧಕನೂ ಬೇಗ ಗುರುತಿಸುತ್ತಾನೆ, ಕಾಣದ ಕೊರತೆಯನ್ನು ತಡವಾಗಿ ಅರಿಯುತ್ತಾನೆ.

1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಗ್ರಂಥಿಯಿಂದ ಒಂದು ಹರಳನ್ನು ಬೇರ್ಪಡಿಸಿದರು, ಅದೇ ಥೈರಾಕ್ಸಿನ್. ಅದರ ರಚನೆಯನ್ನು ಸರಿಯಾಗಿ ತಿಳಿಸಿದವರು ಬ್ರಿಟನ್ನಿನ ಚಾರ್ಲ್ಸ್ ಹ್ಯಾರಿಂಗ್ಟನ್, 1926ರಲ್ಲಿ. ಮರುವರ್ಷ ಅವರು ಜಾರ್ಜ್ ಬಾರ್ಜರ್ ಅವರೊಂದಿಗೆ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಥೈರಾಕ್ಸಿನ್ನಿನ ಒಂದು ಅಣುವಿನಲ್ಲಿ ಅಯೋಡಿನ್ನಿನ ನಾಲ್ಕು ಪರಮಾಣುಗಳಿರುತ್ತವೆ. ಹ್ಯಾರಿಂಗ್ಟನ್ನರ ಶಿಷ್ಯೆ ರೊಸಲಿಂಡ್ ಪಿಟ್ ರಿವರ್ಸ್ 1952ರಲ್ಲಿ ಜಾಕ್ ಗ್ರಾಸ್ ಅವರ ಜೊತೆಗೂಡಿ ಮೂರು ಅಯೋಡಿನ್ ಪರಮಾಣುಗಳ ಇನ್ನೊಂದು ಹಾರ್ಮೋನನ್ನು, ಟ್ರೈ ಅಯೋಡೋಥೈರೊನೀನನ್ನು, ಗುರುತಿಸಿದರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಜಾನ್ ರೋಶ್ ಅವರ ಬಳಗವೂ ಸ್ವತಂತ್ರವಾಗಿ ಅದನ್ನು ಕಂಡುಕೊಂಡಿತು. ಇದು ಥೈರಾಕ್ಸಿನ್ನಿಗಿಂತ ಹಲವು ಪಟ್ಟು ಪ್ರಬಲ. ಜಾನಪದ ವಿದ್ಯಾರ್ಥಿಗಳು ಪಿಟ್ ರಿವರ್ಸ್ ಎಂಬ ಹೆಸರನ್ನು ಆಕ್ಸ್‌ಫರ್ಡಿನ ಮಾನವಶಾಸ್ತ್ರ ಸಂಗ್ರಹಾಲಯದಿಂದಾಗಿ ಬಲ್ಲರು. ರೊಸಲಿಂಡ್ ಆ ಸಂಗ್ರಹಾಲಯದ ಮೂಲಪುರುಷನ ಮೊಮ್ಮಗನನ್ನು ಮದುವೆಯಾಗಿದ್ದವರು. ಅವನಿಂದ ಬೇರೆಯಾದ ಮೇಲೆ ಪ್ರಯೋಗಾಲಯಕ್ಕೆ ಮರಳಿ ತಮ್ಮದೇ ಹೆಸರನ್ನು ಗಳಿಸಿದವರು.

4. ಜಮ್ಶೆಡ್ ಟಾಟಾ: ಬೆಂಗಳೂರಿನಿಂದ ಮಿಲ್ ಹಿಲ್‌ಗೆ

ಹಾರ್ಮೋನುಗಳ ರಚನೆ ತಿಳಿಯಿತು. ಅವು ಜೀವಕೋಶದಲ್ಲಿ ಮಾಡುವುದೇನು ಎಂಬ ಪ್ರಶ್ನೆ ಉಳಿಯಿತು. ಇದರ ಉತ್ತರಕ್ಕಾಗಿ ದೀರ್ಘಕಾಲ ದುಡಿದವರಲ್ಲಿ ಜಮ್ಶೆಡ್ ಟಾಟಾ ಮುಖ್ಯರು. 1930ರಲ್ಲಿ ಮುಂಬಯಿಯಲ್ಲಿ ಜನಿಸಿ, ಅಲ್ಲಿಯೇ ಪದವಿ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತ ಅವರು ಪ್ಯಾರಿಸ್ಸಿಗೆ ಹೋಗಿ ಜಾನ್ ರೋಶ್ ಅವರ ಬಳಗವನ್ನು ಸೇರಿದರು. ಮೂರು ಅಯೋಡಿನ್‌ಗಳ ಹಾರ್ಮೋನು ಬೆಳಕಿಗೆ ಬಂದ ದಿನಗಳೇ ಅವು. ಅನಂತರ ಕೆಲಕಾಲ ನ್ಯೂಯಾರ್ಕಿನಲ್ಲಿದ್ದು, ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಗೆ ಬಂದರು. ಅಲ್ಲಿ ರೊಸಲಿಂಡ್ ಪಿಟ್ ರಿವರ್ಸ್ ಅವರ ಜೊತೆಗೂಡಿ ಬರೆದ ಥೈರಾಯ್ಡ್ ಹಾರ್ಮೋನುಗಳನ್ನು ಕುರಿತ ಗ್ರಂಥ 1959ರಲ್ಲಿ ಹೊರಬಂದಿತು.

ಆ ಕಾಲದಲ್ಲಿ ಪ್ರಚಲಿತವಾಗಿದ್ದ ವಾದ ಇದು: ಜೀವಕೋಶದ ಒಲೆಯಂತಿರುವ ಮೈಟೋಕಾಂಡ್ರಿಯದಲ್ಲಿ ಆಹಾರ ಉರಿದು ಶಕ್ತಿ ಸಂಗ್ರಹವಾಗುತ್ತದೆ, ಥೈರಾಕ್ಸಿನ್ ನೇರವಾಗಿ ಅಲ್ಲಿಗೇ ಹೋಗಿ ಉರಿಗೂ ಸಂಗ್ರಹಕ್ಕೂ ಇರುವ ಕೊಂಡಿಯನ್ನು ಸಡಿಲಿಸುತ್ತದೆ, ಅದರಿಂದ ಉರಿ ಹೆಚ್ಚಿ ಮೈ ಕಾವೇರುತ್ತದೆ. ಈ ವಾದಕ್ಕೆ ಆಧಾರವಾದ ಪ್ರಯೋಗಗಳಲ್ಲಿ ಹಾರ್ಮೋನಿನ ಪ್ರಮಾಣ ದೇಹದಲ್ಲಿ ಸಹಜವಾಗಿ ಇರುವುದಕ್ಕಿಂತ ಬಹಳ ಹೆಚ್ಚಾಗಿತ್ತು. ಟಾಟಾ ಅವರು ಸ್ಟಾಕ್‌ಹೋಮಿನ ಲಾರ್ಸ್ ಅರ್ನ್ಸ್ಟರ್, ಓಲೋವ್ ಲಿಂಡ್‌ಬರ್ಗ್ ಮೊದಲಾದವರೊಡನೆ ಸಹಜ ಪ್ರಮಾಣವನ್ನೇ ಇಲಿಗಳಿಗೆ ಕೊಟ್ಟು ನೋಡಿದರು. ಕೊಂಡಿ ಸಡಿಲವಾಗಲಿಲ್ಲ. ಬದಲಿಗೆ, ತಡವಾಗಿ, ಕಿಣ್ವಗಳೇ ಹೆಚ್ಚಾದವು. ಆ ತಡವೇ ಅವರಿಗೆ ಸುಳಿವಾಯಿತು. 1963ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಆರ್‌ಎನ್‌ಎ ತಯಾರಿಕೆಯನ್ನು ತಡೆಯುವ ಆಕ್ಟಿನೋಮೈಸಿನ್ ಎಂಬ ಔಷಧವನ್ನು ಕೊಟ್ಟರೆ ಹಾರ್ಮೋನು ಚಯಾಪಚಯವನ್ನು ಏರಿಸಲಾರದು ಎಂದು ಅವರು ತೋರಿಸಿದರು. ಅಂದರೆ ಹಾರ್ಮೋನು ಒಲೆಯ ಬೆಂಕಿಯನ್ನು ಊದುವುದಿಲ್ಲ. ಕೋಶದ ಕೇಂದ್ರಕ್ಕೆ ಹೊಸ ಒಲೆ ಹೂಡುವಂತೆ ಆದೇಶ ಕೊಡುತ್ತದೆ. 1972ರಲ್ಲಿ ಜಾಕ್ ಓಪನ್‌ಹೈಮರ್ ಮತ್ತು ಸಂಗಡಿಗರು ಕೋಶಕೇಂದ್ರದಲ್ಲಿ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳಿರುವುದನ್ನು ಗುರುತಿಸಿದರು. 1986ರಲ್ಲಿ ಆ ಗ್ರಾಹಕದ ಜೀನ್ ಪತ್ತೆಯಾಯಿತು.

ಇದೇ ಅವಧಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ರಾಮಶರ್ಮ ಅವರ ಬಳಗವೂ ಚಯಾಪಚಯದ ಇನ್ನೊಂದು ಕೊಂಡಿಯಾದ ಯುಬಿಕ್ವಿನೋನ್ ಮತ್ತು ಥೈರಾಕ್ಸಿನ್‌ಗಳ ಸಂಬಂಧವನ್ನು ಇಲಿಗಳಲ್ಲಿ ಅಧ್ಯಯನ ಮಾಡಿ 1969ರಲ್ಲಿ ಪ್ರಕಟಿಸಿತು ಎಂಬುದನ್ನು ಇಲ್ಲಿ ನೆನೆಯಬೇಕು.

ಟಾಟಾ ಅವರ ಮುಂದಿನ ಕೆಲಸ ಕಪ್ಪೆಯನ್ನು ಕುರಿತದ್ದು. ಮುಂಗಾರಿನ ಮೊದಲ ವಾರಗಳಲ್ಲಿ ಬೈಲುಗದ್ದೆಯ ನೀರಿನಲ್ಲಿ ಓಡಾಡುವ ಗೊದಮೊಟ್ಟೆಗಳು ನಾಟಿ ಮುಗಿಯುವ ಹೊತ್ತಿಗೆ ಬಾಲ ಕಳೆದುಕೊಂಡು, ಕಾಲು ಪಡೆದು, ಬದುವಿನ ಮೇಲೆ ಕುಪ್ಪಳಿಸುವುದನ್ನು ನಾವೆಲ್ಲ ಬಾಲ್ಯದಲ್ಲಿ ಕಂಡಿದ್ದೇವೆ. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯ ಚೂರುಗಳನ್ನು ತಿನ್ನಿಸಿದಾಗ ಅವು ಅಕಾಲದಲ್ಲಿಯೇ ಪುಟ್ಟ ಕಪ್ಪೆಗಳಾದವು. ಗ್ರಂಥಿ ತೆಗೆದ ಗೊದಮೊಟ್ಟೆಗಳು ದೊಡ್ಡದಾಗಿ ಬೆಳೆದವು, ಆದರೆ ಕಪ್ಪೆಯಾಗಲೇ ಇಲ್ಲ. 1966ರಲ್ಲಿ ಟಾಟಾ ಗೊದಮೊಟ್ಟೆಯ ಬಾಲವನ್ನು ಮಾತ್ರ ಬೇರ್ಪಡಿಸಿ ಪೋಷಕದ್ರವದಲ್ಲಿ ಉಳಿಸಿ, ಅದಕ್ಕೆ ಹಾರ್ಮೋನು ಹಾಕಿದರು. ಬಾಲ ಕರಗತೊಡಗಿತು. ಹೊಸ ಪ್ರೋಟೀನಿನ ತಯಾರಿಕೆಯನ್ನು ತಡೆದಾಗ ಅದು ಕರಗಲಿಲ್ಲ. ಬಾಲ ಸಾಯಬೇಕಾದರೂ ಹೊಸದನ್ನು ಕಟ್ಟಬೇಕು! ಜೀವಕೋಶಗಳ ಸಾವು ಕೂಡ ಒಂದು ವಿಧಿಬದ್ಧ ಕ್ರಿಯೆ ಎಂಬ ತಿಳಿವಳಿಕೆಗೆ ದಾರಿ ಮಾಡಿದ ಪ್ರಯೋಗಗಳಲ್ಲಿ ಇದೂ ಒಂದು. 1973ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಪಡೆದ ಅವರು ಅದೇ ವರ್ಷದಿಂದ 1996ರವರೆಗೆ ಮಿಲ್ ಹಿಲ್‌ನಲ್ಲಿ ಬೆಳವಣಿಗೆಯ ಜೀವರಸಾಯನ ವಿಭಾಗದ ಮುಖ್ಯಸ್ಥರಾಗಿದ್ದರು. 2020ರಲ್ಲಿ ಅವರು ನಿಧನರಾದರು.

5. ಗೊದಮೊಟ್ಟೆಯಿಂದ ಮಗುವಿನವರೆಗೆ

ಗೊದಮೊಟ್ಟೆಯ ಬಾಲಕ್ಕೂ ಬೆಳ್ತಂಗಡಿಯ ಹಾಡುಗಾರ್ತಿಯ ಕೊರಳಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ನೇರವಾಗಿದೆ. ರಕ್ತದಲ್ಲಿ ಹಾರ್ಮೋನು ಕಡಿಮೆಯಾದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಮತ್ತೆ ಮತ್ತೆ ಪ್ರಚೋದಿಸುತ್ತದೆ. ಸಿಗುವ ಅಲ್ಪ ಅಯೋಡಿನ್ನನ್ನು ಹಿಡಿಯಲು ಥೈರಾಯ್ಡ್ ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಗಳಗಂಡ. ಅದು ಕೊರತೆಯನ್ನು ತುಂಬಿಕೊಳ್ಳಲು ದೇಹ ನಡೆಸಿದ ದುಡಿಮೆಯ ಗುರುತು. ಹಲವರಿಗೆ ಈ ದುಡಿಮೆಯಿಂದ ಸಾಕಷ್ಟು ಹಾರ್ಮೋನು ದೊರೆಯುತ್ತದೆ. ‘ಏನೂ ತೊಂದರೆಯಿಲ್ಲ’ ಎಂಬ ಮಾತು ಆ ಮಟ್ಟಿಗೆ ನಿಜವಾಗಬಲ್ಲದು. ಆದರೆ ಗರ್ಭದಲ್ಲಿರುವ ಶಿಶು ಮೊದಲ ತಿಂಗಳುಗಳಲ್ಲಿ ತನ್ನ ಹಾರ್ಮೋನನ್ನು ತಾನೇ ತಯಾರಿಸಲಾರದು, ತಾಯಿಯಿಂದಲೇ ಪಡೆಯಬೇಕು. ಗೊದಮೊಟ್ಟೆಯನ್ನು ಕಪ್ಪೆಯಾಗಿಸುವ ಅದೇ ಅಣು ಶಿಶುವಿನ ಮಿದುಳಿನ ಬೆಳವಣಿಗೆಗೂ ಬೇಕು. ತಾಯಿಯಲ್ಲಿ ತೀವ್ರ ಕೊರತೆಯಿದ್ದರೆ ಮಗುವಿನ ಬುದ್ಧಿ, ಶ್ರವಣ, ಎತ್ತರಗಳಿಗೆ ಮತ್ತೆ ಸರಿಪಡಿಸಲಾಗದ ಹಾನಿಯಾಗುತ್ತದೆ. ಮಂದಬುದ್ಧಿಯ ಮಗುವನ್ನು ಕಂಡಾಗ ಜನರು ದೈವದ ಮ‌ುನಿಸನ್ನೋ ಹಿರಿಯರ ಶಾಪವನ್ನೋ ನೆನೆದ ಸಂದರ್ಭಗಳು ನಮ್ಮ ಕ್ಷೇತ್ರಕಾರ್ಯದಲ್ಲಿ ಎದುರಾಗುತ್ತವೆ. ಅಂಥ ಎಲ್ಲದಕ್ಕೂ ಅಯೋಡಿನ್ ಕಾರಣವಲ್ಲ, ನಿಜ. ಆದರೆ ತಡೆಯಬಹುದಾಗಿದ್ದ ಕೆಲವಕ್ಕಾದರೂ ಶಾಪದ ಹೆಸರು ಬಂದಿದ್ದರೆ, ಆ ಹೊರೆಯನ್ನು ಹೊತ್ತವರು ತಾಯಂದಿರು.

ಪರಿಹಾರ ಬಂದದ್ದು ಉಪ್ಪಿನಿಂದಲೇ. ಸ್ವಿಟ್ಜರ್ಲೆಂಡಿನಲ್ಲಿ 1922ರಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 1924ರಲ್ಲಿ ಅಯೋಡಿನ್ ಸೇರಿಸಿದ ಉಪ್ಪು ಬಳಕೆಗೆ ಬಂತು. ಭಾರತದಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಸೇರಿಸಿದ ಉಪ್ಪನ್ನೂ ಒಂದಕ್ಕೆ ಬರಿಯ ಉಪ್ಪನ್ನೂ ಪೂರೈಸಿದರು. ಸುಮಾರು ಐದು ವರ್ಷಗಳಲ್ಲಿ ಮೊದಲ ಎರಡು ವಲಯಗಳ ಶಾಲಾಮಕ್ಕಳಲ್ಲಿ ಗಳಗಂಡ ಅರ್ಧದಷ್ಟಕ್ಕೆ ಇಳಿಯಿತು, ಮೂರನೆಯದರಲ್ಲಿ ಇಳಿಯಲಿಲ್ಲ. ಅನಂತರ ಆ ವಲಯಕ್ಕೂ ಅಯೋಡಿನ್ ಉಪ್ಪು ಕೊಡಲಾಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಹಾನಿ ಕೊರಳಿಗಷ್ಟೇ ಸೀಮಿತವಲ್ಲ ಎಂಬುದು ಖಚಿತವಾದ ಮೇಲೆ, 1992ರಲ್ಲಿ ಅದಕ್ಕೆ ಅಯೋಡಿನ್ ಕೊರತೆಯ ದೋಷಗಳ ನಿಯಂತ್ರಣ ಕಾರ್ಯಕ್ರಮವೆಂಬ ಹೆಸರು ಬಂತು. ಅಯೋಡಿನ್ ಇಲ್ಲದ ಉಪ್ಪನ್ನು ನೇರ ಬಳಕೆಗೆ ಮಾರುವುದರ ಮೇಲಿನ ನಿಷೇಧವನ್ನು 2000ದಲ್ಲಿ ಕೇಂದ್ರವು ಹಿಂತೆಗೆದುಕೊಂಡಿತ್ತು; 2006ರ ಮೇ ತಿಂಗಳಿಂದ ಅದು ಮತ್ತೆ ಜಾರಿಗೆ ಬಂತು. ಬಳಕೆದಾರನ ಕೈಸೇರುವಾಗ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕೆಂಬುದು ನಿಯಮ. ಹತ್ತು ಗ್ರಾಂ ಉಪ್ಪಿನಲ್ಲಿ ಅದು 150 ಮೈಕ್ರೋಗ್ರಾಂ ಆಗುತ್ತದೆ: ಒಂದು ದಿನದ ಅಗತ್ಯ. ನಮ್ಮ ತೇವದ ಹವೆಯಲ್ಲಿಯೂ ಉಳಿಯುವಂತೆ ಇದನ್ನು ಪೊಟ್ಯಾಸಿಯಂ ಅಯೋಡೇಟ್ ರೂಪದಲ್ಲಿ ಸೇರಿಸುತ್ತಾರೆ.

6. ಸಮಾರೋಪ

ಬಂಟ್ವಾಳದ ಅಂಗಡಿಯಲ್ಲಿ ಇಂದು ಪೊಟ್ಟಣದ ಉಪ್ಪೂ ಚೀಲದ ಹರಳುಪ್ಪೂ ಪಕ್ಕಪಕ್ಕದಲ್ಲಿರುತ್ತವೆ. ಪೊಟ್ಟಣದ ಉಪ್ಪಿನಲ್ಲಿ ಉಪ್ಪಿನಕಾಯಿ ಕೆಡುತ್ತದೆ, ಮಿಡಿ ಮೆತ್ತಗಾಗುತ್ತದೆ ಎಂದು ಹಿರಿಯರು ಭರಣಿಗೆ ಹರಳುಪ್ಪನ್ನೇ ಬಯಸುತ್ತಾರೆ. ಭರಣಿಯ ಉಪ್ಪಿನ ಬಗ್ಗೆ ಅವರೊಡನೆ ವಾದಿಸುವ ಅಗತ್ಯವಿಲ್ಲ. ದಿನದ ಅನ್ನ, ಸಾರು, ಪಲ್ಯಗಳಿಗೆ ಬೀಳುವ ಉಪ್ಪು ಯಾವುದು ಎಂಬುದೇ ಮುಖ್ಯ. ‘ಹಿಂದಿನವರು ಹರಳುಪ್ಪು ತಿಂದೇ ಗಟ್ಟಿಯಾಗಿದ್ದರು’ ಎಂಬ ಮಾತು ಈಚೆಗೆ ಹೊಸ ಹುರುಪಿನಿಂದ ಕೇಳಿಬರುತ್ತಿದೆ. ಜಾನಪದದ ಹೆಸರಿನಲ್ಲಿ ಹೇಳಲಾಗುವ ಈ ಮಾತಿಗೆ ಜಾನಪದ ಸಂಶೋಧಕರೇ ಉತ್ತರಿಸಬೇಕಾಗಿದೆ. ಹಿಂದಿನವರೆಲ್ಲರೂ ಗಟ್ಟಿಯಾಗಿರಲಿಲ್ಲ. ಅವರ ಹಾಡುಗಳನ್ನು ಬರೆದುಕೊಂಡ ನಾವು ಅವರ ಕೊರಳುಗಳನ್ನು ಬರೆದುಕೊಳ್ಳಲಿಲ್ಲ, ಅಷ್ಟೆ.

ಜನಪದ ಜ್ಞಾನವನ್ನು ಗೌರವಿಸುವುದೆಂದರೆ ಅದರ ಶಕ್ತಿಯ ಜೊತೆಗೆ ಅದರ ಮೇರೆಯನ್ನೂ ಅರಿಯುವುದು. ಕಣಿಲೆಯ ಮೂರು ನೀರನ್ನು ಕಂಡುಹಿಡಿದ ಅಜ್ಜಿಯರು ತಮ್ಮ ಬಳಿಯಿದ್ದ ಉಪಕರಣದಿಂದ ಸಾಧ್ಯವಿದ್ದುದನ್ನೆಲ್ಲ ಸಾಧಿಸಿದರು. ಸಹಜ ಪ್ರಮಾಣದಲ್ಲಿ ಪರೀಕ್ಷಿಸಬೇಕು, ತಡವನ್ನು ಗಮನಿಸಬೇಕು ಎಂದ ಟಾಟಾ ಅವರ ಶಿಸ್ತಿಗೂ, ಪ್ರತಿ ನೀರನ್ನೂ ರುಚಿ ನೋಡಿ ಮುಂದುವರಿದ ಅಜ್ಜಿಯ ಶಿಸ್ತಿಗೂ ಸ್ವಭಾವದಲ್ಲಿ ಭೇದವಿಲ್ಲ, ಭೇದವಿರುವುದು ಸಾಧನಗಳಲ್ಲಿ. ಒಂದು ಇರುವುದನ್ನು ಕಳೆಯಲು ಕಲಿಸಿತು, ಇನ್ನೊಂದು ಇಲ್ಲದುದನ್ನು ಕೂಡಿಸಲು ಕಲಿಸಿತು.

ಆ ಹಾಡುಗಾರ್ತಿ ಈಗಿಲ್ಲ. ಕೆಲವು ವರ್ಷಗಳ ಹಿಂದೆ ಅದೇ ಮನೆಗೆ ಮತ್ತೆ ಹೋದಾಗ, ಅವರ ಮೊಮ್ಮಗಳು ಒಲೆಯ ಪಕ್ಕದ ಡಬ್ಬಿಯಿಂದ ಪೊಟ್ಟಣದ ಉಪ್ಪನ್ನು ತೆಗೆದು ಸಾರಿಗೆ ಹಾಕುತ್ತಿದ್ದಳು. ಅವಳ ಕೊರಳಿನಲ್ಲಿ ಬಾವು ಇರಲಿಲ್ಲ. ಅಜ್ಜಿಯ ಸಂಧಿ ಗೊತ್ತೇ ಎಂದು ಕೇಳಿದೆ. ಅರ್ಧ ಗೊತ್ತು ಎಂದಳು. ಈ ಬಾರಿ ನನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡನ್ನೂ ಬರೆದುಕೊಂಡೆ.